ಹಣ್ಣಿನ ತುದಿಯ ಕಿರೀಟ

ಕೆನಡಾದ ಸಾಸ್ಕಟೂನ್‌ನಲ್ಲಿರುವ ಮಗಳ ಮನೆಗೆ ನಾನು ಹೋದದ್ದು ಮೇ ತಿಂಗಳಲ್ಲಿ. ನದಿ ದಂಡೆಯ ಕಾಲುದಾರಿಯಲ್ಲಿ ಒಂದು ಪೊದೆ ಮೈತುಂಬ ಬಿಳಿ ಹೂ ಬಿಟ್ಟು ನಿಂತಿತ್ತು. ಐದೇ ಎಸಳು, ಸಪೂರ. ದಿನಾ ವಾಕಿಂಗ್ ಹೋದಾಗ ಅದರ ಹತ್ತಿರ ಸುಮ್ನೆ ಎರಡು ನಿಮಿಷ ನಿಲ್ಲುತ್ತಿದ್ದೆ.

ಜುಲೈ ಹೊತ್ತಿಗೆ ಅದೇ ಪೊದೆಯಲ್ಲಿ ಹಣ್ಣು. ಥೇಟ್ ನಮ್ಮ ನೇರಳೆ ಬಣ್ಣ, ಗಾತ್ರ ಬಟಾಣಿಯಷ್ಟು. ಕೈ ಹಾಕಿಯೇ ಬಿಟ್ಟೆ. "ಅಮ್ಮಾ, ಗೊತ್ತಿಲ್ಲದ್ದನ್ನ ಬಾಯಿಗೆ ಹಾಕ್ಬೇಡ" ಅಂದಳು ಮಗಳು. ಅವಳ ಮಾತು ಸರಿ. ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಓಡಾಡಿ ಬೆಳೆದವಳು ನಾನು, ಕವಳಿ, ನೇರಳೆಯನ್ನು ಕಣ್ಣುಮುಚ್ಚಿ ಹೇಳುತ್ತೇನೆ. ಆದರೆ ಇಲ್ಲಿನ ಗಿಡಗಳನ್ನು ಇಲ್ಲಿಯವರಿಂದಲೇ ಕಲಿಯಬೇಕಲ್ವಾ?

ಮರುದಿನ ಪಕ್ಕದ ಮನೆಯ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋದೆವು. ನೋಡಿದ ಕೂಡಲೇ ನಕ್ಕು, "ಇದೇ ಸಾಸ್ಕಟೂನ್!" ಅಂದರು. ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಭಾಷೆಯಲ್ಲಿ ಈ ಹಣ್ಣಿಗಿರುವ ಹೆಸರೇ ಊರಿಗೂ ಬಂದಿದೆಯಂತೆ. ಕಾಡುಕೋಣದ ಜಾತಿಯ ಬೈಸನ್‌ನ ಒಣಮಾಂಸ, ಕೊಬ್ಬಿನ ಜೊತೆ ಇದನ್ನು ಬೆರೆಸಿ ಪೆಮ್ಮಿಕನ್ ಮಾಡಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು.

ಆದರೆ ಅಜ್ಜಿ ತಿನ್ನಲು ಬಿಡಲಿಲ್ಲ. ಹತ್ತೇ ಹೆಜ್ಜೆ ಆಚೆ ಇನ್ನೊಂದು ಪೊದೆ ತೋರಿಸಿದರು, ಚೋಕ್‌ಚೆರಿ. ಅದರ ಹಣ್ಣು ಇನ್ನೂ ಕೆಂಪಗಿತ್ತು. ಬಣ್ಣ ನಂಬಬೇಡಿ, ಸಾಸ್ಕಟೂನ್ ಕೂಡ ಮೊದಲು ಕೆಂಪೇ, ಚೋಕ್‌ಚೆರಿಯೂ ಮಾಗಿದರೆ ಕಪ್ಪಾಗುತ್ತದೆ ಅಂದರು. ಒಂದೊಂದು ಹಣ್ಣು ನನ್ನ ಅಂಗೈಯಲ್ಲಿಟ್ಟರು. ಸಾಸ್ಕಟೂನ್ ತುದಿಯಲ್ಲಿ ಐದು ಮೂಲೆಯ ಪುಟ್ಟ ಕಿರೀಟ, ಸೀಬೆಕಾಯಿ ಬುಡದಲ್ಲಿ ಒಣಗಿ ಉಳಿದಿರುತ್ತಲ್ಲ, ಹಾಗೆ. ಚೋಕ್‌ಚೆರಿ ತುದಿ ಬೋಳು. ಉಗುರಿನಿಂದ ಸೀಳಿದೆ. ಸಾಸ್ಕಟೂನ್‌ನಲ್ಲಿ ಸಾಸಿವೆಗಿಂತ ತುಸು ದೊಡ್ಡ ಮೆತ್ತನೆಯ ಬೀಜಗಳು ಹಲವು, ಚೋಕ್‌ಚೆರಿಯಲ್ಲಿ ಒಂದೇ ಗಟ್ಟಿ ಓಟೆ. ಆ ಓಟೆಯ ಒಳತಿರುಳು, ಎಲೆ ಎರಡರಲ್ಲೂ ಸೈನೈಡ್ ಹುಟ್ಟಿಸುವ ಅಂಶವಿದೆ. ಎಲೆಯನ್ನೂ ಬೆರಳಲ್ಲಿ ಸವರಿ ನೋಡಿದೆ. ಸಾಸ್ಕಟೂನ್ ಎಲೆ ದುಂಡಗೆ, ಗರಗಸದ ಹಲ್ಲು ತುದಿಯ ಅರ್ಧಕ್ಕೆ ಮಾತ್ರ. ಚೋಕ್‌ಚೆರಿಗೆ ಅಂಚಿನ ಸುತ್ತ ಸಣ್ಣ ಹಲ್ಲು.

ಆಮೇಲೆ ತಿಂದೆ. ಸಿಹಿ, ಬೀಜ ಅಗಿದಾಗ ಬಾದಾಮಿಯ ಘಮ. ಮಗಳೂ ಒಂದು ಹಣ್ಣು ತೆಗೆದುಕೊಂಡಳು. ತಿರುಗಿಸಿ ತುದಿಯ ಕಿರೀಟ ನೋಡಿ, ಬಾಯಿಗೆ ಹಾಕಿಕೊಂಡಳು.