ಸೂಯ ಒಂಬತ್ತು

ಜುಲೈ ತಿಂಗಳ ಒಂದು ಬುಧವಾರ. ರಾತ್ರಿ ಶುರುವಾದ ಮಳೆ ಬೆಳಿಗ್ಗೆಯೂ ನಿಂತಿರಲಿಲ್ಲ. ಲೋಕಲ್‌ಗಳು ಅರ್ಧ ಗಂಟೆ ಲೇಟು. ಮುಂಬಯಿಯ ಪೂರ್ವ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಅಂದು ಒಂಬತ್ತನೇ ತರಗತಿಗೆ ಬಂದವರು ಹನ್ನೊಂದೇ ಮಂದಿ. ಇಷ್ಟು ಜನರಿಗೆ ಹೊಸ ಪಾಠ ಬೇಡ, ಹಿಂದಿನದನ್ನೇ ಒಮ್ಮೆ ಓದಿಕೊಳ್ಳಿ ಅಂದೆ.

ಮೊದಲ ಬೆಂಚಿನ ಹುಡುಗಿ ಫೋನ್ ತೆಗೆದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ತರಗತಿಗೆ ಫೋನ್ ತರಲು ಅವಳಿಗೆ ಮಾತ್ರ ಅನುಮತಿ ಇದೆ. ಹುಟ್ಟಿನಿಂದಲೇ ಅವಳ ಕಣ್ಣು ಮಬ್ಬು. ಬೆಳಕು ನೆರಳು ತಿಳಿಯುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವರು. ಅಪ್ಪ ಬಿಗಾರಿ ಕೆಲಸಕ್ಕೆ, ಅಂದರೆ ದಿನಗೂಲಿಗೆ, ಕೂಲಿಯವರು ಸೇರುವ ನಾಕಾದಲ್ಲಿ ನಿಲ್ಲುತ್ತಾರೆ, ಅಮ್ಮ ಮನೆಗೆಲಸಕ್ಕೆ ಹೋಗುತ್ತಾರೆ. ತಮ್ಮ ನಮ್ಮಲ್ಲೇ ಏಳನೇ ತರಗತಿ.

ಹತ್ತಿರ ಹೋಗಿ, ಏನು ಕೇಳ್ತಾ ಇದ್ದೀಯಮ್ಮಾ ಅಂದೆ.

"ನಿಮ್ಮ ನೋಟ್ಸ್ ರೀ ಟೀಚರ್. ದಿನಾ ತಮ್ಮ ಓದಿ ಹೇಳ್ತಾನ. ಇವತ್ತು ಅವಂಗ ಜ್ವರ ಬಂದಾವ. ಅದಕ್ಕ ಫೋನಿನ್ಯಾಗ ಕೇಳಿ ನೋಡ್ಲಿಕತ್ತೀನಿ. ಇದು ಏನ್ ಓದ್ಲಿಕತ್ತದ ತಿಳೀವಲ್ದು."

ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಕಿವಿಗಿಟ್ಟುಕೊಂಡೆ. ಪಿ, ಎ, ಪೌಂಡ್, ಎ, ಝಡ್, ಎ, ಪೌಂಡ್. ಒಂದು ಹೆಂಗಸಿನ ದನಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಸಮನೆ ಹೇಳುತ್ತಾ ಹೋಗುತ್ತಿತ್ತು. ಅದು ನಾನು ವಾಟ್ಸ್ಯಾಪ್ ಗುಂಪಿಗೆ ಕಳಿಸಿದ್ದ ಪಿಡಿಎಫ್. ಮಹಾರಾಷ್ಟ್ರದ ನದಿಗಳು, ನಾಲ್ಕು ಪುಟ. ಅದರ ಮುಂದಿನದು ಬೋರ್ಡಿನ ಫೋಟೋ. ಅದಕ್ಕೆ ಫೋನ್ ಹೇಳಿದ್ದು ಒಂದೇ ಮಾತು, "ಚಿತ್ರ". ಮತ್ತೊಂದು ಫೋಟೋ. "ಚಿತ್ರ". ಇನ್ನೊಂದು. "ಚಿತ್ರ".

ಎರಡು ವರ್ಷದಿಂದ ನಾನು ಆ ಗುಂಪಿಗೆ ನೋಟ್ಸ್ ಕಳಿಸುತ್ತಿದ್ದೇನೆ. ಎರಡು ನೀಲಿ ಗೆರೆ ಬಿದ್ದರೆ ತಲುಪಿತು ಅಂದುಕೊಳ್ಳುತ್ತಿದ್ದೆ. ಅವಳಿಗೆ ಒಂದಕ್ಷರವೂ ತಲುಪಿರಲಿಲ್ಲ. ತಲುಪಿದ್ದು ತಮ್ಮನ ಬಾಯಿಯಿಂದ ಬಂದಷ್ಟು ಮಾತ್ರ. ಹನ್ನೆರಡು ವರ್ಷದ ಹುಡುಗ ಸಂಜೆ ಆಟ ಬಿಟ್ಟು ಅಕ್ಕನ ಪಾಠ ಓದಿ ಹೇಳುತ್ತಿದ್ದ.

ಆ "ಪೌಂಡ್" ಎಲ್ಲಿಂದ ಬಂತು ಎಂದು ಹೇಳಬೇಕು, ಯಾಕೆಂದರೆ ನಮ್ಮಂಥ ಎಷ್ಟೋ ಶಿಕ್ಷಕರ ಪೆನ್‌ಡ್ರೈವ್‌ನಲ್ಲಿ ಅದು ಇನ್ನೂ ಇದೆ. ನನ್ನ ನೋಟ್ಸ್ ಹಳೆಯ ನುಡಿ ಫಾಂಟಿನಲ್ಲಿತ್ತು. ಆಗ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಇದ್ದ ದಾರಿ ಅದು. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮೇಲೆ ಕನ್ನಡದ ರೂಪ ಹೊದಿಸುವುದು. ಕಣ್ಣಿಗೆ "ನ" ಕಾಣುತ್ತದೆ, ಒಳಗೆ ಇರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ. "ಕ" ಕಾಣುತ್ತದೆ, ಒಳಗೆ ಪಿ. ನುಡಿ, ಬರಹ ಎಂಬ ತಂತ್ರಾಂಶಗಳು ಇಲ್ಲದಿದ್ದರೆ ನನ್ನ ತಲೆಮಾರಿನವರು ಕನ್ನಡ ಟೈಪ್ ಮಾಡಲು ಕಲಿಯುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ಈಗ ನುಡಿಯಲ್ಲೂ ಯೂನಿಕೋಡ್ ಇದೆ. ಯೂನಿಕೋಡ್‌ನಲ್ಲಿ "ನ" ಅಂದರೆ ಒಳಗೂ "ನ"ನೇ. ಆದರೆ ನಾನು ಹಳೆಯ ಫೈಲನ್ನೇ ವರ್ಷವರ್ಷ ತೆಗೆದು ಕಳಿಸುತ್ತಿದ್ದೆ. ಓದುವ ಯಂತ್ರ ಒಳಗಿದ್ದದ್ದನ್ನು ಓದಿತು. ಅದರದ್ದೇನೂ ತಪ್ಪಿಲ್ಲ.

ಸಂಜೆ ಕುರ್ಲಾದಲ್ಲಿ ಗಾಡಿ ಕಾಯುತ್ತಿದ್ದೆ. ಅಂಗವಿಕಲರ ಡಬ್ಬಿ ನಿಲ್ಲುವ ಜಾಗದಲ್ಲಿ ಟೀಂ ಟೀಂ ಎಂದು ಒಂದು ಸದ್ದು ಬರುತ್ತಲೇ ಇರುತ್ತದಲ್ವಾ, ಕಣ್ಣು ಕಾಣದವರು ಆ ಸದ್ದು ಹಿಡಿದು ಅಲ್ಲಿ ಬಂದು ನಿಲ್ಲಲಿ ಎಂದು. ದಿನಾ ಅದರ ಮುಂದೆ ನಡೆದು ಹೋಗುತ್ತೇನೆ. ಅಂದು ಅಲ್ಲೇ ನಿಂತು ಎರಡು ಗಾಡಿ ಬಿಟ್ಟೆ. ಈ ಸದ್ದಿನಷ್ಟಾದರೂ ನನ್ನ ನೋಟ್ಸಿನಲ್ಲಿ ಇರಬೇಕಿತ್ತು ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಶನಿವಾರ ರಾತ್ರಿ ಲ್ಯಾಪ್‌ಟಾಪ್‌ಗೆ ಎನ್‌ವಿಡಿಎ ಹಾಕಿಕೊಂಡೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಒಂದು ಪೈಸೆ ಖರ್ಚಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರು ಮಾಡಿದ ಕೆಲಸವಂತೆ. ದುಡ್ಡಿದ್ದವರಿಗೆ ಮಾತ್ರ ಸಿಗುತ್ತಿದ್ದದ್ದನ್ನು ಎಲ್ಲರಿಗೂ ಸಿಗುವ ಹಾಗೆ ಮಾಡಿದರು. ಅದರ ಕನ್ನಡ ದನಿ ಒರಟು, ಯಂತ್ರದ ದನಿಯೇ. ಆದರೂ ಕನ್ನಡ ಓದುತ್ತದೆ. ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸಿದೆ. ಫೋಟೋಗಳಿಂದ ಅಕ್ಷರ ತೆಗೆಸಿದೆ, ಆಗದ್ದನ್ನು ಕೂತು ಟೈಪ್ ಮಾಡಿದೆ. ಆಮೇಲೆ ಪರದೆಯ ಬೆಳಕು ಪೂರ್ತಿ ಇಳಿಸಿ, ಕತ್ತಲೆ ಮಾಡಿಕೊಂಡು ನನ್ನ ಪಾಠವನ್ನು ನಾನೇ ಕೇಳಿದೆ.

"ಸಹ್ಯಾದ್ರಿ ಪವ ಒಂಬತ್ತು ತ."

ಏನಿದು? ಬೆಳಕು ಏರಿಸಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮತ್ತೆ ಕತ್ತಲೆ ಮಾಡಿದೆ. "ಸೂಯ ಒಂಬತ್ತು." "ವಷ ಒಂಬತ್ತು." "ಕೊ ಸೊನ್ನೆ ಕಣ." ಅಕ್ಷರದ ಮೇಲೆ ಕರ್ಸರ್ ಇಟ್ಟು ಒಂದೊಂದೇ ಬಾಣ ಒತ್ತಿದಾಗ ಗೊತ್ತಾಯಿತು. ಪರ್ವತದಲ್ಲಿ ಅರ್ಕಾವೊತ್ತಿನ ಜಾಗದಲ್ಲಿ ಕೂತಿದ್ದದ್ದು ಕನ್ನಡದ ಒಂಬತ್ತು, ೯. ಕೊಂಕಣದಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ, ೦. ಎರಡೂ ನೋಡಲು ಅಚ್ಚು ಒಂದೇ ಥರ. ಕೆಲವನ್ನು ಫೋಟೋದಿಂದ ಅಕ್ಷರ ತೆಗೆಯುವ ಆ್ಯಪ್ ತಪ್ಪು ಹಿಡಿದಿತ್ತು. ಹೆಚ್ಚಿನವು ನಾನೇ ಟೈಪ್ ಮಾಡಿದ್ದವು. ಅರ್ಕಾವೊತ್ತು ಬೇಗ ಬರದಿದ್ದಾಗ ೯ ಒತ್ತಿ ಮುಂದೆ ಹೋಗುವ ಅಭ್ಯಾಸ ನನಗೆ ಯಾವಾಗ ಅಂಟಿತೋ. ಇಂಥವು ನಾಲ್ಕು ಪುಟದಲ್ಲಿ ಅರುವತ್ತೆರಡು ಸಿಕ್ಕವು.

ಇನ್ನೊಂದು ವಿಷಯ ಕತ್ತಲೆಯಲ್ಲೇ ತಿಳಿಯಿತು. "ಕೆಂಪು ಬಣ್ಣದಲ್ಲಿರುವುದು ಪರೀಕ್ಷೆಗೆ ಮುಖ್ಯ" ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಕಿವಿಗೆ ಕೆಂಪು ಯಾವುದು? ಈಗ ಅಂಥ ಕಡೆಯಲ್ಲೆಲ್ಲಾ "ಮುಖ್ಯ" ಎಂದೇ ಬರೆಯುತ್ತೇನೆ. ತಲೆಬರಹವನ್ನು ದಪ್ಪ ಅಕ್ಷರ ಮಾಡಿ ಬಿಟ್ಟರೆ ಅದು ತಲೆಬರಹ ಎಂದು ಫೋನಿಗೆ ಗೊತ್ತಾಗುವುದಿಲ್ಲ. ವರ್ಡ್‌ನಲ್ಲಿ ಹೆಡಿಂಗ್ ಎಂದು ಆರಿಸಬೇಕು. ಆರಿಸಿದರೆ ಅವಳು ಒಂದು ತಲೆಬರಹದಿಂದ ಇನ್ನೊಂದಕ್ಕೆ ನೇರ ಹಾರಬಹುದು. ಇಲ್ಲದಿದ್ದರೆ ಕೃಷ್ಣಾ ನದಿ ಬೇಕಿದ್ದರೂ ತಾಪಿಯಿಂದ ಶುರು ಮಾಡಿ ಎಲ್ಲ ಕೇಳಬೇಕು. ಎರಡು ಸೆಕೆಂಡಿನ ಕೆಲಸ ಇದು.

ನಕಾಶೆ ಮಾತ್ರ ಕಷ್ಟ ಕೊಟ್ಟಿತು.

ಚಿತ್ರಕ್ಕೆ ವಿವರಣೆ ಬರೆಯಲು ಜಾಗ ಇರುತ್ತದೆ, ಅದನ್ನು ಫೋನ್ ಓದುತ್ತದೆ. ನಾನು ಬರೆದದ್ದು ಹೀಗೆ: "ಮಹಾರಾಷ್ಟ್ರದ ಸುಂದರ ನಕಾಶೆ. ನೀಲಿ ಗೆರೆಗಳಲ್ಲಿ ನದಿಗಳನ್ನು ತೋರಿಸಲಾಗಿದೆ." ಸೋಮವಾರ ಬಿಡುವಿನಲ್ಲಿ ಅವಳಿಗೆ ಕೇಳಿಸಿದೆ. ಉಳಿದ ಪಾಠಕ್ಕೆ ಖುಷಿಯಿಂದ ತಲೆಯಾಡಿಸಿದವಳು ಇಲ್ಲಿ ಸುಮ್ಮನಾದಳು.

"ಚೆಂದ ಅದ ಅಂತ ತಿಳೀತ್ರೀ ಟೀಚರ್. ಆದ್ರ ನದಿ ಎಲ್ಲಿಂದ ಎಲ್ಲಿಗಿ ಹೋಗ್ತದ?"

ಹೇಗೆ ಹೇಳುವುದು? ಊರಿಗೆ ಹೇಗೆ ಹೋಗ್ತೀರಿ ಎಂದು ಕೇಳಿದೆ. ಅವಳು ಉಸಿರು ತೆಗೆಯದೆ ಹೇಳಿದಳು. ಕಲ್ಯಾಣ, ಕರ್ಜತ್, ಲೋಣಾವಳಾ, ಪುಣೆ, ದೌಂಡ್, ಕುರ್ಡುವಾಡಿ, ಸೋಲಾಪುರ, ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್. "ಕರ್ಜತ್‌ದಾಗ ಹಿಂದ ಇಂಜಿನ್ ಹಚ್ತಾರ್ರೀ. ಆಮ್ಯಾಲ ಬೋಗದಾ ಬರ್ತಾವ. ಗಾಡಿ ಸಪ್ಪಳ ಬ್ಯಾರೆ ಆಗ್ತದ, ಗಾಳಿ ತಂಪಾಗ್ತದ." ಬೋಗದಾ ಅಂದರೆ ಸುರಂಗ. ನಾನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಸಹ್ಯಾದ್ರಿ ಅವಳ ಕಿವಿಯಲ್ಲಿ ಆಗಲೇ ಇತ್ತು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಸದಾಗಿ ಬರೆದೆ. ಪಶ್ಚಿಮಕ್ಕೆ ಸಮುದ್ರ. ಸಮುದ್ರದ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಸಹ್ಯಾದ್ರಿ ಬೆಟ್ಟ. ಕರ್ಜತ್ ಬಿಟ್ಟ ರೈಲು ಬೋಗದಾಗಳ ಒಳಗೆ ಏರುವುದು ಈ ಬೆಟ್ಟವನ್ನೇ. ಬೆಟ್ಟದ ಪೂರ್ವ ಬದಿಯಲ್ಲಿ ಮೂರು ನದಿಗಳು ಹುಟ್ಟುತ್ತವೆ. ಉತ್ತರದಲ್ಲಿ ತ್ರ್ಯಂಬಕೇಶ್ವರದ ಹತ್ತಿರ ಗೋದಾವರಿ, ನಡುವೆ ಭೀಮಾಶಂಕರದಲ್ಲಿ ಭೀಮಾ, ದಕ್ಷಿಣದಲ್ಲಿ ಮಹಾಬಳೇಶ್ವರದಲ್ಲಿ ಕೃಷ್ಣಾ. ಭೀಮಾ ಆಗ್ನೇಯಕ್ಕೆ ಹರಿಯುತ್ತದೆ. ದೌಂಡ್ ಅದರ ದಂಡೆಯಲ್ಲಿದೆ, ಪಂಢರಪುರವೂ ಅದರ ದಂಡೆಯಲ್ಲಿದೆ. ಸೋಲಾಪುರ ಜಿಲ್ಲೆ ದಾಟಿ ಕರ್ನಾಟಕಕ್ಕೆ ಬಂದು, ಗಾಣಗಾಪುರವನ್ನು ಮುಟ್ಟಿ, ಮುಂದೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ.

ಮೂರು ಸಲ ಕೇಳಿದಳು. ಮೂರನೆಯ ಸಲ ಕೇಳುವಾಗ ಬಲಗೈ ಬೆರಳು ಬೆಂಚಿನ ಮೇಲೆ ಮೆಲ್ಲಗೆ ಓರೆಯಾಗಿ ಸರಿಯುತ್ತಿತ್ತು. ಕೊನೆಗೆ ಕೇಳಿದಳು, "ಹಂಗಾದ್ರ ನಮ್ಮ ಹೊಲದ ಬಾಜು ಹರಿಯೋ ನೀರು ದೌಂಡ್ ಮುಂದ ಹಾದು ಬಂದಿದ್ದೇ ಏನ್ರೀ?"

ಹೌದು, ಅದೇ ನೀರು ಅಂದೆ. ಹಿಂದಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ ಇಬ್ಬರು ಹುಡುಗಿಯರು ಎದ್ದು ಬಂದು, ಟೀಚರ್ ನಮಗೂ ಅದನ್ನೇ ಕಳಿಸಿ ಅಂದರು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ನಕಾಶೆ ಅವರಿಗೂ ಅರ್ಥವಾಗಿರಲಿಲ್ಲ.

ಸ್ಟಾಫ್‌ರೂಮಿನಲ್ಲಿ ಈ ಮಾತು ತೆಗೆದಾಗ ಒಬ್ಬರು ಕೇಳಿದರು, ಒಂದು ಮಗುವಿಗೆ ಇಷ್ಟೆಲ್ಲಾ ಯಾಕೆ, ಅಂಧರ ಶಾಲೆಗೆ ಸೇರಿಸಬಹುದಲ್ವಾ ಎಂದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮುಂಬಯಿಯಲ್ಲಿ ಅಂಥ ಹಳೆಯ, ಒಳ್ಳೆಯ ಶಾಲೆಗಳಿವೆ. ದಾದರಿನದು 1900ರದ್ದು, ತಾಡದೇವದ್ದು 1902ರದ್ದು. ಆದರೆ ಈ ಹುಡುಗಿಗೆ ಮನೆಯ ಹತ್ತಿರದ ಶಾಲೆ ಬೇಕು, ಗೆಳತಿಯರು ಬೇಕು, ಕನ್ನಡ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೇ ಹೇಳುತ್ತದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗು 6ರಿಂದ 18ನೇ ವಯಸ್ಸಿನವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದಬಹುದು, ಬೇಕಿದ್ದರೆ ವಿಶೇಷ ಶಾಲೆಯನ್ನೂ ಆರಿಸಿಕೊಳ್ಳಬಹುದು. ಆರಿಸುವವರು ಅವರು, ನಾವಲ್ಲ. ಅದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ.

ಗಣಿತದ ಸರ್‌ಗೆ ಬೇರೆ ಚಿಂತೆ. ಪಠ್ಯಪುಸ್ತಕದ ಪುಟಗಳನ್ನು ಹೀಗೆ ಬದಲಿಸಿ ಕೊಟ್ಟರೆ ಕಾಪಿರೈಟ್ ತೊಂದರೆ ಆಗುವುದಿಲ್ಲವೇ? ಇಲ್ಲ. 2012ರಲ್ಲೇ ನಮ್ಮ ಕಾಪಿರೈಟ್ ಕಾಯ್ದೆ ತಿದ್ದಿದ್ದಾರೆ. ಅಂಗವಿಕಲರು ಓದಲಿಕ್ಕೆಂದು, ಲಾಭವಿಲ್ಲದೆ, ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು. ಮರಾಕೇಶ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇರುವುದೂ ಇದಕ್ಕೇ, ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಸರ್ ಒಪ್ಪಿದರು. ಅವರ ಕೆಲಸ ನನ್ನದಕ್ಕಿಂತ ಜಾಸ್ತಿ, ಭಿನ್ನರಾಶಿಯನ್ನು ಫೋಟೋ ಮಾಡಿ ಹಾಕಿದರೆ ಅದೂ ಬರೀ "ಚಿತ್ರ". ಈಗ "ಮೂರನೇ ಎರಡು" ಎಂದು ಅಕ್ಷರದಲ್ಲೇ ಬರೆದು ಕಳಿಸುತ್ತಿದ್ದಾರೆ. ಆರನೇ ತರಗತಿಯಲ್ಲಿ ಕಿವಿ ಕೇಳದ ಒಬ್ಬ ಹುಡುಗನಿದ್ದಾನೆ. ನಾವು ತೋರಿಸುವ ವಿಡಿಯೋಗಳಲ್ಲಿ ಮಾತಿನ ಕೆಳಗೆ ಅಕ್ಷರವೇ ಇರುವುದಿಲ್ಲ. ಅದಕ್ಕೆ ಇನ್ನೂ ಕೈ ಹಾಕಿಲ್ಲ, ಹಾಕಲೇಬೇಕು.

ಗಣಪತಿ ರಜೆಗೆ ಮುಂಚೆ ಒಂದು ಸಂಜೆ ಶಾಲೆಯ ಮೈದಾನದಲ್ಲಿ ಆ ತಮ್ಮ ಕೆಸರಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಅಕ್ಕನಿಗೆ ಓದಿ ಹೇಳೋದಿಲ್ವಾ ಇವತ್ತು ಅಂದೆ. "ಅಕಿ ತಾನೇ ಕೇಳ್ತಾಳ್ರೀ ಈಗ" ಎಂದು ಓಡಿಯೇಬಿಟ್ಟ.

ಮೊನ್ನೆ ರಾತ್ರಿ ಹತ್ತೂವರೆಗೆ ಅವಳಿಂದ ಒಂದು ವಾಯ್ಸ್ ಮೆಸೇಜ್. ಹಿಂದೆ ಕುಕ್ಕರ್ ಕೂಗುತ್ತಿತ್ತು, ಪಕ್ಕದ ಖೋಲಿಯ ಟಿವಿ ಕೇಳುತ್ತಿತ್ತು. "ಟೀಚರ್, ಇವತ್ತಿನ ಪಾಠದಾಗ ಏಳನೇ ಸಾಲಿನ್ಯಾಗ ಒಂದು ಒಂಬತ್ತು ಬಂದದ, ಕಡೀಕ ಎರಡು ಸೊನ್ನಿ ಬಂದಾವ. ತಿದ್ದಿ ಕಳಸ್ರಿ. ನಾ ಇನ್ನಾ ಮಲಗಿಲ್ಲ."

ಲ್ಯಾಪ್‌ಟಾಪ್ ತೆರೆದೆ. ಏಳನೇ ಸಾಲು, "ಮಾಗ೯". ತಿದ್ದಿ, ಕೊನೆಯ ಎರಡು ಸೊನ್ನೆ ಹುಡುಕಿ, ಮತ್ತೊಮ್ಮೆ ಬೆಳಕು ಇಳಿಸಿ ಪೂರ್ತಿ ಕೇಳಿದೆ. ಹತ್ತು ಐವತ್ತಕ್ಕೆ ಕಳಿಸಿದೆ.