ಬೇಗ ಬರಿದಾಗದ ಪರಿಮಳ: ಮನೆಯಲ್ಲಿ ಮೇಣದ ಬಿಲ್ಲೆಗಳನ್ನು ಮಾಡುವ ಬಗ್ಗೆ

ಬತ್ತಿಯಿಲ್ಲದೆ, ಉರಿಯದೆ, ಬಿಸಿಗೆ ಕರಗಿ ಕೋಣೆಗೆ ಪರಿಮಳ ಬೀರುವ ಮೇಣದ ಬಿಲ್ಲೆಗಳು ವ್ಯಾಕ್ಸ್ ಮೆಲ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವನ್ನು ಮನೆಯಲ್ಲಿ ತಯಾರಿಸುವುದು ಕಷ್ಟದ ಕೆಲಸವಲ್ಲ. ಮೇಣವನ್ನು ಕರಗಿಸಿ, ಸುಗಂಧ ತೈಲ ಬೆರೆಸಿ, ಅಚ್ಚಿಗೆ ಹೊಯ್ದರೆ ಬಿಲ್ಲೆ ಸಿದ್ಧ. ಕಷ್ಟವಿರುವುದು ಆ ಪರಿಮಳವನ್ನು ಉಳಿಸಿಕೊಳ್ಳುವುದರಲ್ಲಿ. ಮೊದಲ ದಿನ ಮನೆಯೆಲ್ಲ ಘಮಘಮಿಸಿ, ಮೂರನೆಯ ದಿನಕ್ಕೆ ಬರಿಯ ಮೇಣವಾಗಿ ಉಳಿಯುವ ಬಿಲ್ಲೆಗಳ ಬಗ್ಗೆ ದೂರುವವರು ಬಹಳ ಮಂದಿ. ಅವರಿಗೆ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಇನ್ನಷ್ಟು ಎಣ್ಣೆ ಹಾಕಿ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದು ಮಿತಿಯವರೆಗೆ ಎಣ್ಣೆ ಹೆಚ್ಚಿಸಬಹುದು, ನಿಜ. ಆದರೆ ಬಿಲ್ಲೆಯ ಆಯುಸ್ಸನ್ನು ನಿರ್ಧರಿಸುವುದು ಮುಖ್ಯವಾಗಿ ಆ ಎಣ್ಣೆ ಯಾವ ವೇಗದಲ್ಲಿ ಹೊರಬೀಳುತ್ತದೆ ಎಂಬುದು.

ಬಿಲ್ಲೆಯನ್ನು ಬಟ್ಟಲಿನಲ್ಲಿಟ್ಟು ಬಿಸಿಮಾಡುವ ಸಾಧನವಾದ ವಾರ್ಮರ್‌ನ ಬಿಸಿಯಲ್ಲಿ ಮೇಣ ಕರಗುತ್ತದೆಯೇ ಹೊರತು ಆವಿಯಾಗುವುದಿಲ್ಲ. ಬಟ್ಟಲಿನಿಂದ ಗಾಳಿಗೆ ಸೇರುವುದು ಸುಗಂಧ ತೈಲ ಮಾತ್ರ, ಮತ್ತು ನಮ್ಮ ಮೂಗಿಗೆ ಪರಿಮಳ ಗಾಢವೆನಿಸಿದರೆ ಅದು ಹೆಚ್ಚು ವೇಗವಾಗಿ ಆವಿಯಾಗುತ್ತಿದೆ ಎಂದೇ ಅರ್ಥ. 25 ಗ್ರಾಂ ತೂಕದ ಬಿಲ್ಲೆಯಲ್ಲಿ ಶೇಕಡಾ 8ರಷ್ಟು ಸುಗಂಧವಿದ್ದರೆ ಅದರ ಒಟ್ಟು ಬಂಡವಾಳ 2 ಗ್ರಾಂ. ಈ 2 ಗ್ರಾಂ ಎರಡು ಸಂಜೆಗಳಲ್ಲಿ ಖರ್ಚಾಗಬಹುದು, ಹತ್ತು ಸಂಜೆಗಳಿಗೂ ಹಂಚಿಹೋಗಬಹುದು. ತೊಟ್ಟಿಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಬೇಗ ಮುಗಿಯಿತೆಂದು ತೊಟ್ಟಿಯನ್ನು ದೂರಿ ಪ್ರಯೋಜನವಿಲ್ಲ. ಕೋಣೆ ತುಂಬುವಷ್ಟು ಗಾಢತೆಯೂ ಬೇಕು, ವಾರಗಟ್ಟಲೆ ಬಾಳಿಕೆಯೂ ಬೇಕು ಎನ್ನುವವರಿಗೆ ದೊಡ್ಡ ಬಿಲ್ಲೆಯನ್ನು ಮಾಡಿಕೊಳ್ಳುವುದೊಂದೇ ದಾರಿ.

ಮೇಣ ಆವಿಯಾಗದು ಎಂಬ ಈ ಸಂಗತಿಯಿಂದ ಒಂದು ಒಳ್ಳೆಯ ಅನುಕೂಲವಿದೆ. ಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಬಟ್ಟಲನ್ನು ಮೇಣದ ಸಮೇತ ಬಳಕೆಗೆ ಮೊದಲು ತೂಗಿ, ಪ್ರತಿ ಸಲ ಆರಿದ ಮೇಲೆ ಮತ್ತೆ ತೂಗಿದರೆ, ಕಡಿಮೆಯಾದ ತೂಕವೆಲ್ಲ ಸುಗಂಧದ್ದೇ. ಯಾವ ಬಿಲ್ಲೆ ಎಷ್ಟು ವೇಗದಲ್ಲಿ ಬರಿದಾಗುತ್ತಿದೆ ಎಂಬುದನ್ನು ಮೂಗಿನ ಹಂಗಿಲ್ಲದೆ ತಿಳಿಯಲು ಇದಕ್ಕಿಂತ ಸರಳವಾದ ವಿಧಾನ ನನಗೆ ಕಂಡಿಲ್ಲ. ಮೂಗನ್ನು ನಂಬಬಾರದು ಎನ್ನುವುದಕ್ಕೆ ಕಾರಣವಿದೆ: ಒಂದೇ ವಾಸನೆಯ ನಡುವೆ ಹತ್ತಾರು ನಿಮಿಷ ಕುಳಿತರೆ ಮೂಗು ಅದಕ್ಕೆ ಒಗ್ಗಿಹೋಗಿ, ಪರಿಮಳ ಇದ್ದರೂ ಇಲ್ಲವೆನಿಸುತ್ತದೆ. ಬಿಲ್ಲೆ ಸತ್ತುಹೋಯಿತೆಂದು ಎಸೆಯುವ ಮೊದಲು ಹೊರಗೆ ಹೋಗಿ ಅರ್ಧ ಗಂಟೆಯ ನಂತರ ಒಳಗೆ ಬಂದು ನೋಡಬೇಕು, ಇಲ್ಲವೇ ಆಗತಾನೆ ಬಾಗಿಲು ದಾಟಿ ಬಂದವರನ್ನು ಕೇಳಬೇಕು.

ಪರಿಮಳದ ಬಾಳಿಕೆಯ ಬಹುಪಾಲು ಸುಗಂಧದ ಆಯ್ಕೆಯಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ನಿಂಬೆ ಮತ್ತು ಕಿತ್ತಳೆಯ ಸಿಪ್ಪೆಯ ಎಣ್ಣೆಯಲ್ಲಿ ಹೇರಳವಾಗಿರುವ ಲಿಮೊನೀನ್ ಹಗುರವಾದ ಅಣು. ಅದರ ಕುದಿಬಿಂದು ಸುಮಾರು 176 ಡಿಗ್ರಿ ಸೆಲ್ಸಿಯಸ್. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ 198 ಡಿಗ್ರಿಯ ಹತ್ತಿರ ಕುದಿಯುತ್ತದೆ. ವೆನಿಲಾದ ವ್ಯಾನಿಲಿನ್‌ನ ಕುದಿಬಿಂದು 285 ಡಿಗ್ರಿಯಾದರೆ, ಸುಗಂಧ ತಯಾರಕರು ಪರಿಮಳವನ್ನು ಹಿಡಿದಿಡಲು ಬಳಸುವ ಬೆಂಜೈಲ್ ಬೆಂಜೋಯೇಟ್‌ನದು 320 ಡಿಗ್ರಿಯನ್ನೂ ದಾಟುತ್ತದೆ. ವಾರ್ಮರ್ ಇವುಗಳಲ್ಲಿ ಯಾವುದನ್ನೂ ಕುದಿಸುವುದಿಲ್ಲ, ಆದರೂ ಈ ಅಂಕಿಗಳು ಯಾವುದು ಮೊದಲು ಹಾರಿಹೋಗುತ್ತದೆ, ಯಾವುದು ಕೊನೆಯವರೆಗೆ ನಿಲ್ಲುತ್ತದೆ ಎಂಬ ಅನುಕ್ರಮವನ್ನು ತಕ್ಕಮಟ್ಟಿಗೆ ಸೂಚಿಸುತ್ತವೆ. ಆದುದರಿಂದ ಬರಿಯ ಕಿತ್ತಳೆಯ ಎಣ್ಣೆಯಿಂದ ಮಾಡಿದ ಬಿಲ್ಲೆ ಎಷ್ಟೇ ಜಾಗರೂಕತೆಯಿಂದ ಮಾಡಿದರೂ ಬಾಳುವುದಿಲ್ಲ. ಅದು ಮಾಡಿದವರ ತಪ್ಪಲ್ಲ, ಆ ಅಣುವಿನ ಸ್ವಭಾವ.

ಹಾಗೆಂದು ಕಿತ್ತಳೆಯನ್ನು ಬಿಡಬೇಕಾಗಿಲ್ಲ. ಅದರ ಕೆಳಗೆ ಭಾರವಾದ ಸುಗಂಧವೊಂದನ್ನು ಆಧಾರವಾಗಿ ಇಡಬೇಕು. ಲಾವಂಚ, ಪಚೋಲಿ, ಶ್ರೀಗಂಧ, ವೆನಿಲಾ, ಕಸ್ತೂರಿಯನ್ನು ಹೋಲುವ ಕೃತಕ ಸುಗಂಧಗಳು ಇವೆಲ್ಲ ನಿಧಾನವಾಗಿ ಆವಿಯಾಗುವ ಗುಂಪಿಗೆ ಸೇರಿದವು. ತಾವು ತಡವಾಗಿ ಹೊರಡುವುದಲ್ಲದೆ ಜೊತೆಯಲ್ಲಿರುವ ಹಗುರವಾದವುಗಳನ್ನೂ ಸ್ವಲ್ಪಮಟ್ಟಿಗೆ ತಡೆಹಿಡಿಯುತ್ತವೆ. ಒಟ್ಟು ಸುಗಂಧದಲ್ಲಿ ಅರ್ಧದಷ್ಟನ್ನಾದರೂ ಇಂಥ ಭಾರವಾದವುಗಳಿಗೆ ಮೀಸಲಿಟ್ಟು, ಕಾಲು ಭಾಗಕ್ಕಿಂತ ಹೆಚ್ಚಿಲ್ಲದಂತೆ ನಿಂಬೆ ಜಾತಿಯ ಎಣ್ಣೆಗಳನ್ನು ಸೇರಿಸಿ, ಉಳಿದುದನ್ನು ಹೂವಿನ ಅಥವಾ ಸಾಂಬಾರ ಪದಾರ್ಥಗಳ ಪರಿಮಳಕ್ಕೆ ಬಿಡುವುದು ನನ್ನ ರೂಢಿ. ಮೊದಲ ಗಂಟೆಗಳಲ್ಲಿ ಕಿತ್ತಳೆ ಮುಂದಿರುತ್ತದೆ, ಮರುದಿನದಿಂದ ಹಿನ್ನೆಲೆಯ ಗಂಧ ಮೇಲೇರುತ್ತದೆ. ಪರಿಮಳ ಹೀಗೆ ಬದಲಾಗುತ್ತ ಹೋಗುವುದು ಕೆಲವರಿಗೆ ಹಿಡಿಸದು; ನನಗಂತೂ ಅದೇ ಇಷ್ಟ. ವ್ಯಾನಿಲಿನ್ ಹೆಚ್ಚಿರುವ ಮಿಶ್ರಣ ಬಿಳಿಯ ಮೇಣವನ್ನು ದಿನಗಳೆದಂತೆ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಪರಿಮಳಕ್ಕೆ ಅದರಿಂದ ಬಾಧೆಯಿಲ್ಲ.

ಗಿಡಮೂಲದ ಸಾರತೈಲಗಳಿಗಿಂತ ಮೇಣಕ್ಕೆಂದೇ ತಯಾರಿಸಿದ ಸುಗಂಧ ತೈಲಗಳು ಸಾಮಾನ್ಯವಾಗಿ ಹೆಚ್ಚು ಬಾಳುತ್ತವೆ, ಏಕೆಂದರೆ ಅವುಗಳಲ್ಲಿ ಭಾರವಾದ ಆಧಾರ ಸುಗಂಧಗಳನ್ನು ತಯಾರಕರೇ ಸೇರಿಸಿರುತ್ತಾರೆ. ಸಹಜವಾದದ್ದೆಲ್ಲ ನಿರಪಾಯ, ಕೃತಕವಾದದ್ದೆಲ್ಲ ಅಪಾಯ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಲಿಮೊನೀನ್, ಲಿನಲೂಲ್‌ಗಳು ಗಾಳಿಯೊಡನೆ ವರ್ತಿಸಿ ಹಳತಾದಾಗ ಚರ್ಮಕ್ಕೆ ಅಲರ್ಜಿ ತರಬಲ್ಲವು, ಅವು ಗಿಡದಿಂದ ಬಂದರೂ ಅಷ್ಟೆ. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘವಾದ ಐಎಫ್‌ಆರ್‌ಎ 1973ರಲ್ಲಿ ಸ್ಥಾಪನೆಯಾಯಿತು. ಯಾವ ಬಗೆಯ ವಸ್ತುವಿನಲ್ಲಿ ಯಾವ ಸುಗಂಧವನ್ನು ಎಷ್ಟರವರೆಗೆ ಬಳಸಬಹುದೆಂಬ ಮಿತಿಗಳನ್ನು ಅದು ಪ್ರಕಟಿಸುತ್ತದೆ. ಒಳ್ಳೆಯ ಮಾರಾಟಗಾರರು ಪ್ರತಿ ತೈಲದ ಜೊತೆ ಆ ಮಿತಿಗಳ ಪತ್ರವನ್ನು ಕೊಡುತ್ತಾರೆ, ಕೊಡದವರಿಂದ ನಾನು ಕೊಳ್ಳುವುದಿಲ್ಲ. ಮೈಗೆ ಹಾಕುವ ಸೆಂಟು ಮತ್ತು ಪನ್ನೀರನ್ನು ಮೇಣಕ್ಕೆ ಬೆರೆಸುವ ಯೋಚನೆಯನ್ನಂತೂ ಬಿಟ್ಟುಬಿಡಬೇಕು. ಸೆಂಟಿನ ಹೆಚ್ಚಿನ ಪಾಲು ಬೆಂಕಿ ತಗಲುವ ಆಲ್ಕೊಹಾಲ್, ಪನ್ನೀರು ಹೆಸರೇ ಹೇಳುವಂತೆ ನೀರು. ಬಿಸಿ ಮೇಣಕ್ಕೆ ಬಿದ್ದ ನೀರು ಬೆರೆಯುವುದಿಲ್ಲ, ಮೇಣ ಅತಿಯಾಗಿ ಕಾದಿದ್ದರೆ ಸಿಡಿಯುತ್ತದೆ.

ಇನ್ನು ಮೇಣದ ವಿಚಾರ. ಪೆಟ್ರೋಲಿಯಮ್ಮಿನಿಂದ ಬರುವ ಪ್ಯಾರಾಫಿನ್ ಸುಗಂಧವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಆದುದರಿಂದ ಅದರ ಪರಿಮಳ ಆರಂಭದಲ್ಲಿ ಗಾಢ. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಸೋಯಾ ಮೇಣ ಸುಗಂಧವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ. ಸೋಯಾದ ಪರಿಮಳ ಪೇಲವ ಎಂದು ದೂರುವವರು ಈ ನಿಧಾನವೇ ಅದರ ಲಾಭವೆಂಬುದನ್ನು ಗಮನಿಸುವುದಿಲ್ಲ. ಜೇನುಮೇಣಕ್ಕೆ ತನ್ನದೇ ವಾಸನೆಯಿದೆ, ಕರಗಲು 62 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು, ಹೀಗಾಗಿ ಈ ಕೆಲಸಕ್ಕೆ ಒಂಟಿಯಾಗಿ ಅದು ಹೊಂದುವುದಿಲ್ಲ. ಸೋಯಾ ಮೇಣವನ್ನು ಕೊಳ್ಳುವಾಗ ಗಾಜಿನ ಲೋಟದ ಮೇಣದಬತ್ತಿಗೆಂದು ಮಾಡಿದ ಮೆತ್ತನೆಯ ಬಗೆಯನ್ನಲ್ಲ, ಅಚ್ಚಿನಿಂದ ಬಿಡಿಸಿ ತೆಗೆಯಲು ಬರುವ ಗಟ್ಟಿ ಬಗೆಯನ್ನು ಆರಿಸಬೇಕು. ಮೆತ್ತನೆಯದೇ ಕೈಯಲ್ಲಿದ್ದರೆ ನೂರಕ್ಕೆ ನಾಲ್ಕೈದು ಪಾಲು ಸ್ಟಿಯರಿಕ್ ಆಮ್ಲ ಬೆರೆಸಿ ಗಟ್ಟಿಮಾಡಿಕೊಳ್ಳಬಹುದು.

ಸುಗಂಧದ ಪ್ರಮಾಣ ಮೇಣದ ತೂಕದ ಶೇಕಡಾ 6ರಿಂದ 10ರ ನಡುವೆ ಇದ್ದರೆ ಸಾಕು. ಕೆಲವು ಮೇಣಗಳು 12ರವರೆಗೆ ತಾಳುತ್ತವೆ, ಆ ಮಿತಿಯನ್ನು ಮೇಣದ ತಯಾರಕರೇ ತಿಳಿಸಿರುತ್ತಾರೆ. ಮಿತಿ ಮೀರಿದರೆ ಹೆಚ್ಚಾದ ಎಣ್ಣೆ ಮೇಣದಲ್ಲಿ ನಿಲ್ಲದೆ ಬಿಲ್ಲೆಯ ಮೇಲೆ ಬೆವರಿನಂತೆ ಹನಿಗಟ್ಟುತ್ತದೆ, ಪೊಟ್ಟಣಕ್ಕೆ ಅಂಟುತ್ತದೆ, ಬೆರಳಿಗೆ ಹತ್ತುತ್ತದೆ. ಬಿಲ್ಲೆಯಿಂದ ಹೊರಬಂದ ಎಣ್ಣೆ ಬಾಳಿಕೆಗೆ ಕಾಸಿನಷ್ಟೂ ನೆರವಾಗದು. ಇನ್ನೊಂದು ಸಣ್ಣ ಲೆಕ್ಕವಿದೆ: 100 ಗ್ರಾಂ ಮೇಣಕ್ಕೆ 8 ಗ್ರಾಂ ಸುಗಂಧ ಸೇರಿಸಿದರೆ ಒಟ್ಟು 108 ಗ್ರಾಮಿನಲ್ಲಿ ಸುಗಂಧದ ಪಾಲು ಶೇಕಡಾ 7.4 ಮಾತ್ರ. ಎರಡು ಲೆಕ್ಕಗಳಲ್ಲಿ ಯಾವುದನ್ನು ಹಿಡಿದರೂ ಅಡ್ಡಿಯಿಲ್ಲ, ಆದರೆ ಪ್ರತಿ ಸಲವೂ ಒಂದನ್ನೇ ಹಿಡಿಯಬೇಕು. ಚಮಚದಲ್ಲಿ ಅಳೆಯಬಾರದು, ಒಂದೊಂದು ಎಣ್ಣೆಯ ಸಾಂದ್ರತೆ ಒಂದೊಂದು.

ಮೇಣವನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಸೋಯಾ ಮೇಣ 80ರಿಂದ 85 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ, ಸುಗಂಧ ಹಾಕಿ, ಪೂರ್ತಿ ಎರಡು ನಿಮಿಷ ಮೆಲ್ಲಗೆ ಕಲಕಬೇಕು. ಆ ಎರಡು ನಿಮಿಷ ಕೈ ನೋಯುವಷ್ಟು ದೀರ್ಘವೆನಿಸುತ್ತದೆ, ಆದರೂ ಬಿಡಬಾರದು. ಮೇಣ ತಣ್ಣಗಿದ್ದಷ್ಟೂ ಪರಿಮಳ ಉಳಿಯುತ್ತದೆಂದು 60 ಡಿಗ್ರಿಯಲ್ಲಿ ಬೆರೆಸುವವರಿದ್ದಾರೆ. ಆ ತಾಪದಲ್ಲಿ ಎಣ್ಣೆ ಸಮನಾಗಿ ಹರಡದೆ ತಳದಲ್ಲಿ ಗುಂಪುಗೂಡುವ ಸಂಭವವೇ ಹೆಚ್ಚು. ಈ ಭಯದ ಮೂಲ ಬಾಟಲಿಯ ಮೇಲೆ ಬರೆದಿರುವ ಫ್ಲ್ಯಾಶ್ ಪಾಯಿಂಟ್ ಎಂಬ ಅಂಕಿ. ಅದು ಪರಿಮಳ ನಾಶವಾಗುವ ತಾಪವಲ್ಲ; ಎಣ್ಣೆಯ ಆವಿಗೆ ಕಿಡಿ ಸೋಕಿದರೆ ಹೊತ್ತಿಕೊಳ್ಳಬಹುದಾದ ಕನಿಷ್ಠ ತಾಪ, ಸಾಗಾಣಿಕೆಯ ಸುರಕ್ಷತೆಗೆ ಮುಖ್ಯವಾಗಿ ಬೇಕಾದದ್ದು. ಒಲೆಯ ಜ್ವಾಲೆಯಿಂದ ದೂರ ಬಂದು ಬೆರೆಸಬೇಕೆನ್ನಲು ಅದು ಕಾರಣವೇ ಹೊರತು, ತಣ್ಣಗೆ ಬೆರೆಸಬೇಕೆನ್ನಲು ಅಲ್ಲ.

ಹೊಯ್ಯುವ ಕೆಲಸದ ಬಗ್ಗೆ ಹೆಚ್ಚೇನೂ ಇಲ್ಲ. ಪೆಟ್ ಪ್ಲಾಸ್ಟಿಕ್ಕಿನ ಮುಚ್ಚಳದ ಅಚ್ಚುಗಳು ಅತಿ ಬಿಸಿಗೆ ಸೊಟ್ಟಗಾಗುವುದರಿಂದ ಮೇಣ 60 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಹೊಯ್ಯಬೇಕು. ಸಿಲಿಕೋನ್ ಅಚ್ಚುಗಳು ವಾಸನೆ ಹೀರಿಕೊಳ್ಳುತ್ತವೆ, ಹಾಗಾಗಿ ಒಂದೊಂದು ಬಗೆಯ ಪರಿಮಳಕ್ಕೆ ಒಂದೊಂದನ್ನು ಮೀಸಲಿಡುವುದು ಲೇಸು. ಪಾಲಿಸ್ಟೈರೀನ್ ಲೋಟಗಳನ್ನು ಲಿಮೊನೀನ್ ಕರಗಿಸಿಬಿಡುತ್ತದೆ.

ಗಟ್ಟಿಯಾದ ಕೂಡಲೇ ಬಿಲ್ಲೆಯನ್ನು ಬಳಸಬಾರದು. ಸೋಯಾ ಮೇಣದ ಹರಳಿನ ರಚನೆ ಸ್ಥಿರಗೊಳ್ಳಲು ದಿನಗಳೇ ಬೇಕು. ಒಂದರಿಂದ ಎರಡು ವಾರ ಮುಚ್ಚಿಟ್ಟು ಮಾಗಲು ಬಿಟ್ಟರೆ, ಕರಗಿಸಿದಾಗ ಪರಿಮಳ ಸಮನಾಗಿ ಹೊರಬರುತ್ತದೆ. ಪ್ಯಾರಾಫಿನ್‌ಗೆ ಎರಡು ಮೂರು ದಿನ ಸಾಕು. ಮಾಗಿಸುವಾಗಲೂ ನಂತರವೂ ಬಿಲ್ಲೆಗಳು ಬಿಗಿಯಾದ ಮುಚ್ಚಳದ ಗಾಜಿನ ಅಥವಾ ತಗಡಿನ ಡಬ್ಬಿಯಲ್ಲಿ, ಬಿಸಿಲು ತಾಗದ ಕಡೆ ಇರಬೇಕು. ತೆಳುವಾದ ಪಾಲಿಥೀನ್ ಚೀಲದ ಮೂಲಕ ಹಗುರವಾದ ಸುಗಂಧ ಅಣುಗಳು ನುಸುಳಿಹೋಗುತ್ತವೆ. ಚೀಲದ ಹೊರಗಿನಿಂದಲೇ ಘಮಘಮ ಬರುತ್ತಿದೆಯೆಂದು ಹಿಗ್ಗುವವರು ಆ ಘಮ ಎಲ್ಲಿಂದ ಖರ್ಚಾಗುತ್ತಿದೆ ಎಂದು ಯೋಚಿಸಬೇಕು.

ಇಷ್ಟೆಲ್ಲ ಎಚ್ಚರ ವಹಿಸಿ ಮಾಡಿದ ಬಿಲ್ಲೆಯನ್ನು ಒಂದೇ ಸಂಜೆಯಲ್ಲಿ ಕೆಡಿಸಬಲ್ಲದ್ದು ವಾರ್ಮರ್. ಸುಗಂಧದ ಅಣುಗಳು ಆವಿಯಾಗುವ ವೇಗ, ನಾವು ಬಳಸುವ ತಾಪದ ವ್ಯಾಪ್ತಿಯಲ್ಲಿ, ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಅಂದರೆ ಮೇಣವನ್ನು 60 ಡಿಗ್ರಿಯಲ್ಲಿಡುವ ವಾರ್ಮರ್‌ಗೂ 80 ಡಿಗ್ರಿಯಲ್ಲಿಡುವ ವಾರ್ಮರ್‌ಗೂ ನಡುವೆ ಬಾಳಿಕೆಯಲ್ಲಿ ಮೂರು ನಾಲ್ಕು ಪಟ್ಟು ವ್ಯತ್ಯಾಸ ಬರಬಹುದು, ಬಿಲ್ಲೆ ಅದೇ ಆಗಿದ್ದರೂ. ಕೆಳಗೆ ಪುಟ್ಟ ಮೇಣದಬತ್ತಿ ಉರಿಸುವ ಬಟ್ಟಲುಗಳು ಸಾಮಾನ್ಯವಾಗಿ ಹೆಚ್ಚು ಬಿಸಿಯಾಗುತ್ತವೆ, ಅವುಗಳ ತಾಪವನ್ನು ಹತೋಟಿಯಲ್ಲಿಡುವುದೂ ಕಷ್ಟ; ಕಡಿಮೆ ತಾಪದ ವಿದ್ಯುತ್ ವಾರ್ಮರ್‌ಗಳು ಬಾಳಿಕೆಗೆ ಮೇಲು. ಕರಗಿದ ಮೇಣದೊಳಗೆ ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿದರೆ ತಮ್ಮ ವಾರ್ಮರ್‌ನ ಗುಣ ಗೊತ್ತಾಗುತ್ತದೆ. 55ರಿಂದ 65 ಡಿಗ್ರಿಯ ನಡುವೆ ಇದ್ದರೆ ಒಳ್ಳೆಯದು, ಮೇಣ ಆ ಬಿಸಿಗೆ ಪೂರ್ತಿ ಕರಗುವ ಜಾತಿಯದಾಗಿರಬೇಕು ಅಷ್ಟೆ. ಬಟ್ಟಲಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ: ಅಗಲವಾದ ಬಟ್ಟಲಿನಲ್ಲಿ ಗಾಳಿಗೆ ತೆರೆದ ಮೇಲ್ಮೈ ಹೆಚ್ಚು, ಸುಗಂಧ ಬೇಗ ಹೊರಬೀಳುತ್ತದೆ; ಕಿರಿದಾದ, ಆಳವಾದ ಬಟ್ಟಲಿನಲ್ಲಿ ಅದೇ ಮೇಣ ಹೆಚ್ಚು ದಿನ ಬರುತ್ತದೆ. ಫ್ಯಾನಿನ ಕೆಳಗೆ ಇಡಬಾರದು. ದಿನಕ್ಕೆ ಎರಡು ಗಂಟೆ ಹಚ್ಚಿ ಆರಿಸಿದರೆ ಮೂಗೂ ಹೊಸದಾಗಿ ಗ್ರಹಿಸುತ್ತದೆ, ಮೇಣವೂ ಉಳಿಯುತ್ತದೆ. ಗಡಿಯಾರಕ್ಕೆ ಹೊಂದಿಸಿದ ಸ್ವಿಚ್ ಇದ್ದರೆ ಮರೆಯುವ ಭಯವೂ ಇಲ್ಲ.

ಮನೆಯಲ್ಲಿ ಬೆಕ್ಕು, ನಾಯಿ, ಸಾಕುಹಕ್ಕಿಗಳಿದ್ದರೆ ಸುಗಂಧದ ಆಯ್ಕೆ ಇನ್ನಷ್ಟು ಬಿಗಿಯಾಗಬೇಕು. ಟೀ ಟ್ರೀ ತೈಲ ನಾಯಿ ಬೆಕ್ಕುಗಳಿಗೆ ವಿಷಕಾರಿ. ಇಂಥ ಹಲವು ವಸ್ತುಗಳನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಆಸ್ತಮಾ ಇರುವವರ ಕೋಣೆಯಲ್ಲಿ ಬಿಲ್ಲೆ ಹಚ್ಚದಿರುವುದೇ ಸರಿ. ಕರಗಿಸುವಾಗ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಲೆ ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚಬೇಕು.

ಪರಿಮಳ ಮುಗಿದ ಮೇಣಕ್ಕೆ ವಾರ್ಮರ್‌ನಲ್ಲಿಯೇ ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ಬಳಸುವವರಿದ್ದಾರೆ. ಆ ಎಣ್ಣೆ ಸರಿಯಾಗಿ ಬೆರೆಯುವುದಿಲ್ಲ, ಮಾಗುವುದೂ ಇಲ್ಲ, ಒಂದು ಗಂಟೆಯಲ್ಲಿ ಹಾರಿಹೋಗುತ್ತದೆ. ಅದರ ಬದಲು ಹಳೆಯ ಮೇಣವನ್ನೆಲ್ಲ ಡಬ್ಬಿಯೊಂದರಲ್ಲಿ ಕೂಡಿಟ್ಟು, ಹೊಸದಾಗಿ ಮಾಡುವ ದಿನ ಪರಿಮಳ ಹೊಂದುವುದನ್ನು ಮಾತ್ರ ಆರಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಅದರಲ್ಲಿ ಉಳಿದಿರುವ ಭಾರವಾದ ಸುಗಂಧ ಪೂರ್ತಿ ವ್ಯರ್ಥವಾಗದು. ಬಟ್ಟಲಿನಿಂದ ತೆಗೆಯಲು, ಆರಿದ ಮೇಣವನ್ನು ಒಂದು ನಿಮಿಷ ಮಾತ್ರ ಬಿಸಿಮಾಡಿದರೆ ತಳ ಸಡಿಲವಾಗಿ ಇಡೀ ಬಿಲ್ಲೆ ಜಾರಿ ಬರುತ್ತದೆ. ಬೇಡವಾದುದನ್ನು ಗಟ್ಟಿಯಾದ ಮೇಲೆ ಕಸದ ಬುಟ್ಟಿಗೆ ಹಾಕಬೇಕು. ಸಿಂಕಿಗೆ ಸುರಿದ ಮೇಣ ಕೊಳವೆಯೊಳಗೆ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ.