ಕತ್ತರಿಸಿದರೂ ಹೋಗದ ಲುಂಗಿ

ಎನ್ನೆಸ್ಸೆಸ್ ಶಿಬಿರ ಏಳು ದಿನಕ್ಕೆ ಮುಗಿದಿತ್ತು. ಅದರ ವರದಿ ಮಾತ್ರ ಮೂರು ವಾರವಾದರೂ ನನ್ನ ಬೆನ್ನು ಬಿಟ್ಟಿರಲಿಲ್ಲ. ಕೊನೆಗೆ ಒಂದು ಶನಿವಾರ ಸ್ಟಾಫ್ ರೂಮಿನಲ್ಲಿ ಕೂತು ವರ್ಡ್‌ನಲ್ಲಿ ಇಪ್ಪತ್ತು ಪುಟ ಕುಟ್ಟಿ, ನಡುನಡುವೆ 42 ಫೋಟೋ ಸೇರಿಸಿ, ಮಧ್ಯಾಹ್ನ ಮೂರೂವರೆಗೆ ಮೇಲ್ ಮಾಡಲು ಹೊರಟೆ. ಫೈಲು 25 ಎಂಬಿ ಮೀರಿದೆ, ಡ್ರೈವ್ ಲಿಂಕ್ ಕಳಿಸುತ್ತೇನೆ ಎಂದಿತು ಜಿಮೇಲ್. ಸುತ್ತೋಲೆಯಲ್ಲೋ ಲಿಂಕ್ ಬೇಡ, ಫೈಲೇ ಬೇಕು, ಐದು ಗಂಟೆಯೊಳಗೆ ಬೇಕು ಎಂದಿತ್ತು. ಪ್ರಾಪರ್ಟೀಸ್ ತೆರೆದು ನೋಡಿದೆ: 146 ಎಂಬಿ!

ಒಂದೊಂದು ಫೋಟೋವನ್ನೂ ಮೂಲೆ ಹಿಡಿದೆಳೆದು ನಾಲ್ಕು ಇಂಚಿಗೆ ಇಳಿಸಿದ್ದೆ. ಬೇಡದ್ದನ್ನು ಕ್ರಾಪ್ ಮಾಡಿದ್ದೆ. ಇನ್ನೂ ಏನು ಭಾರ? ಗಾತ್ರ ಕುಗ್ಗಲಿ ಎಂದು ಝಿಪ್ ಮಾಡಿ ನೋಡಿದೆ, 145 ಆಯಿತು. ಒಂದು ಎಂಬಿ ಉಳಿಸಿಕೊಟ್ಟ ಝಿಪ್ಪಿಗೆ ಕೈಮುಗಿದು, ಶಿಬಿರದಲ್ಲಿ ಫೋಟೋ ತೆಗೆದಿದ್ದ ಬಿಸಿಎ ಹುಡುಗನಿಗೆ ಫೋನ್ ಮಾಡಿದೆ. ಹಾಸ್ಟೆಲಿನಿಂದ ಹತ್ತೇ ನಿಮಿಷದಲ್ಲಿ ಬಂದ.

"ಸರ್, ನೀವು ಚಿಕ್ಕದು ಮಾಡಿರೋದು ಪುಟದ ಮೇಲೆ ಕಾಣೋಕಷ್ಟೇ. ಒಳಗೆ ಪೂರ್ತಿ ಹಂಗೇ ಇದೆ" ಎಂದ. ನಾನು ನಂಬದ್ದು ಮುಖದಲ್ಲೇ ಕಂಡಿರಬೇಕು. ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ (.docx) ಅಳಿಸಿ ಝಿಪ್ ಎಂದು ಬರೆದ. ವರ್ಡ್ ಫೈಲೇ ಒಂದು ಝಿಪ್ ಗಂಟಂತೆ! ಬಿಚ್ಚಿದರೆ ಒಳಗೆ ಮೀಡಿಯಾ ಎಂಬ ಫೋಲ್ಡರು, ಅದರಲ್ಲಿ ಅಷ್ಟೂ ಫೋಟೋ, ಮೊಬೈಲಿನಲ್ಲಿ ತೆಗೆದ ಹಾಗೇ, ತಲಾ ಮೂರು ಮೂರೂವರೆ ಎಂಬಿ. ಇಪ್ಪತ್ತು ಪುಟದ ನನ್ನ ಗದ್ಯವೆಲ್ಲ ಸೇರಿ ನೂರು ಕೆಬಿಯೂ ಇರಲಿಲ್ಲ.

ಅಷ್ಟರಲ್ಲಿ ಒಂದು ಚಿತ್ರ ಕಣ್ಣಿಗೆ ಬಿತ್ತು. ಮಕ್ಕಳು ಸಾಲಾಗಿ ಊಟಕ್ಕೆ ಕೂತಿರುವುದು, ಪಕ್ಕದಲ್ಲಿ ಬನಿಯನ್ನು, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಲುಂಗಿಯಲ್ಲಿ ಸಾರಿನ ಕೊಳದಪ್ಪಲೆ ಕಲಕುತ್ತಿರುವ ಕಾರ್ಯಕ್ರಮಾಧಿಕಾರಿ, ಅಂದರೆ ನಾನು. ಅದನ್ನು ಎಷ್ಟು ಎಚ್ಚರಿಕೆಯಿಂದ ಕ್ರಾಪ್ ಮಾಡಿದ್ದೆ! ಕ್ರಾಪ್ ಎಂದರೆ ಪರದೆ ಎಳೆದ ಹಾಗಷ್ಟೇ. ಹಿಂದಿನ ಮನುಷ್ಯ ಅಲ್ಲೇ ನಿಂತಿರುತ್ತಾನೆ. ಮೇಲ್ ಹೋಗಿದ್ದರೆ ಆ ಲುಂಗಿಯೂ ಮೇಲಿನವರ ಕಚೇರಿಗೆ ಹೋಗುತ್ತಿತ್ತು.

ಸಾಮಾನ್ಯವಾಗಿ ಸೇವ್ ಮಾಡುವಾಗ ವರ್ಡ್ ತಾನೇ ಚಿತ್ರಗಳನ್ನು ಒಂದಿಷ್ಟು ಕುಗ್ಗಿಸುತ್ತದಂತೆ. ಇಲ್ಲೇಕೆ ಸುಮ್ಮನಿತ್ತು? ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್‌ನಲ್ಲಿ ಹುಡುಕಿದ. 'ಚಿತ್ರ ಕುಗ್ಗಿಸಬೇಡ' ಎಂಬ ಸಾಲಿಗೆ ಟಿಕ್ ಬಿದ್ದಿತ್ತು. ಹಾಕಿದವನು ನಾನೇ. ಹೋದ ವರ್ಷ ಸ್ಮರಣ ಸಂಚಿಕೆ ಮಾಡುವಾಗ, ಪ್ರೆಸ್ಸಿನವರು ಫೋಟೋ ಸ್ಪಷ್ಟವಾಗಿರಲಿ ಎಂದಿದ್ದರು. ಅದೇ ಫೈಲಿನ ಹೆಸರು ಬದಲಿಸಿ, ಅಕ್ಷರ ಅಳಿಸಿ ಈ ವರದಿ ಬರೆದಿದ್ದೆ. ಟಿಕ್ಕು ಫೈಲಿನ ಜೊತೆಗೇ ಬಂದಿತ್ತು.

ಹುಡುಗ ಮೊದಲು ಮೂಲ ಫೈಲನ್ನು ಬೇರೆ ಹೆಸರಲ್ಲಿ ಎತ್ತಿಟ್ಟ. ಒಂದು ಫೋಟೋ ಒತ್ತಿ, ಪಿಕ್ಚರ್ ಫಾರ್ಮ್ಯಾಟಿನಲ್ಲಿ ಕಂಪ್ರೆಸ್ ಪಿಕ್ಚರ್ಸ್ ತೆರೆದ. 'ಈ ಚಿತ್ರಕ್ಕೆ ಮಾತ್ರ' ಎಂಬ ಟಿಕ್ ತೆಗೆದ, ಕ್ರಾಪ್ ಆದ ಭಾಗ ಅಳಿಸುವ ಟಿಕ್ ಹಾಕಿದ, 150 ಪಿಪಿಐ, ಅಂದರೆ ಇಂಚಿಗೆ 150 ಚುಕ್ಕೆ, ಆರಿಸಿದ. ನಾಲ್ಕು ಇಂಚಿಗೆ 600 ಚುಕ್ಕೆ ಸಾಕು ಸರ್, ನಿಮ್ಮ ಫೋಟೋದಲ್ಲಿ 4000 ಇದೆ ಎಂದ. ಸೇವ್ ಮಾಡಿದರೆ ನಾಲ್ಕು ಎಂಬಿ!

ಹಿಗ್ಗಿ ಪುಟ ತಿರುವಿದೆ. ಫೋಟೋಗಳೆಲ್ಲ ಚೆನ್ನಾಗೇ ಇದ್ದವು, ಆದರೆ ಮಕ್ಕಳು ಕೈಯಲ್ಲಿ ಬರೆದ ಊರಿನ ನಕ್ಷೆ ಕೆಟ್ಟಿತ್ತು. ಕೆರೆ, ಅಂಗನವಾಡಿ, ಬೋರ್‌ವೆಲ್ ಎಂಬ ಸಣ್ಣ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಲೆಸಿಹೋಗಿದ್ದವು. ಅದೊಂದನ್ನು ತೆಗೆದು ಸ್ಕ್ಯಾನ್ ಮಾಡಿದ್ದನ್ನೇ ಮತ್ತೆ ಸೇರಿಸಿದೆವು. 'ಕುಗ್ಗಿಸಬೇಡ' ಎಂಬ ಹಳೆಯ ಟಿಕ್ಕು ತೆಗೆಯದೆ ಬಿಟ್ಟದ್ದು ಇಲ್ಲಿ ಒಳ್ಳೆಯದೇ ಆಯಿತು, ನಕ್ಷೆ ಹಾಗೇ ಉಳಿಯಿತು. ಒಟ್ಟು ಐದು ಎಂಬಿ. ನಾಲ್ಕು ಐವತ್ತಕ್ಕೆ ಮೇಲ್ ಹೋಯಿತು.

"ಆ ಬಿಚ್ಚಿದ ಕಾಪಿ ಅಳಿಸಿಬಿಡೋ" ಎಂದೆ.

"ಅಳಿಸಿದೆ ಸರ್" ಎಂದು ಬ್ಯಾಗ್ ಹೆಗಲಿಗೇರಿಸಿದ. ಬಾಗಿಲ ಹತ್ತಿರ ನಿಂತು, "ಆದ್ರೆ ಒರಿಜಿನಲ್ಲು ನನ್ನ ಮೊಬೈಲಲ್ಲಿ ಇದೆಯಲ್ಲ ಸರ್" ಎಂದ.